ಉದ್ದಗಾಲಿನ ಜೇಡವೂ ಅದರ ಹೆಸರೂ

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಪೇಟೆಯ ಇಕ್ಕಟ್ಟನ್ನು ಬಿಟ್ಟು ಗಾಳಿಬೆಳಕುಗಳಿರುವ ಕಡೆಗೆ ಜನರು ಹೋಗಬೇಕೆಂಬ ಯೋಚನೆ ಬಲಗೊಂಡಿತು. ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಬೆಳೆದುವು. ಚಾಮರಾಜಪೇಟೆಯು ಅದಕ್ಕೂ ಮೊದಲೇ, ೧೮೯೨ರಲ್ಲಿ, ಏರ್ಪಟ್ಟಿದ್ದಿತು. ಆ ಕಾಲದ ಮನೆಗಳಲ್ಲಿ ಈಗ ಉಳಿದಿರುವುವು ಕೆಲವು ಮಾತ್ರ. ಎತ್ತರವಾದ ಮಾಡು, ಮಂಗಳೂರು ಹೆಂಚು, ಗೋಡೆಯ ನೆತ್ತಿಯಲ್ಲಿ ಗವಾಕ್ಷಿ, ಏಣಿಯಿಲ್ಲದೆ ನಿಲುಕದ ಅಟ್ಟ, ಹಿತ್ತಲ ಕಡೆಗೆ ಬಚ್ಚಲುಮನೆ—ಇವೆಲ್ಲವೂ ಮನುಷ್ಯರ ಸೌಖ್ಯಕ್ಕಾಗಿ ಕಟ್ಟಿದುವೇ ಸರಿ. ಆದರೆ ಅವು ಮನುಷ್ಯರಿಗೆ ಒಗ್ಗಿದುದಕ್ಕಿಂತ ಚೆನ್ನಾಗಿ ಮತ್ತೊಂದು ಪ್ರಾಣಿಗೆ ಒಗ್ಗಿದುವು. ಅಟ್ಟದ ಮೇಲಣ ಹಿತ್ತಾಳೆಯ ಪಾತ್ರೆಗಳ ಸಂದಿನಲ್ಲಿ, ಹಂಡೆಯ ಹಿಂದಣ ಮೂಲೆಯಲ್ಲಿ, ದೇವರ ಮನೆಯ ಬಾಗಿಲುವಾಡದ ಮೇಲೆ ಅದು ತಲೆಕೆಳಗಾಗಿ ತೂಗುತ್ತಿರುವುದು. ಮೈ ನೋಡಿದರೆ ಅಕ್ಕಿಯ ಕಾಳಿನಷ್ಟು. ಕಾಲುಗಳೋ ಕೂದಲೆಳೆಯಷ್ಟು ಸಣ್ಣ, ಬೆರಳಿನಷ್ಟು ಉದ್ದ. ಕಸಬರಿಗೆಯ ತುದಿ ಸೋಕಿತೆಂದರೆ ಅದು ಓಡುವುದಿಲ್ಲ. ಬಲೆಯಲ್ಲಿದ್ದಂತೆಯೇ ಗಿರ್ರನೆ ಅದುರಲಾರಂಭಿಸುವುದು. ಆ ವೇಗದಲ್ಲಿ ಮೈ ಎಲ್ಲಿ, ಕಾಲೆಲ್ಲಿ ಎಂಬುದೇ ಕಣ್ಣಿಗೆ ತಿಳಿಯದೆ ಹೋಗುವುದು.

ಇದನ್ನು ಹಿರಿಯರು ಜೇಡವೆನ್ನುವರು. ಶಾಲೆಯಿಂದ ಬಂದ ಮಕ್ಕಳು ‘ಡ್ಯಾಡಿ ಲಾಂಗ್‌ಲೆಗ್ಸ್’ ಎನ್ನುವರು. ಅಂದರೆ ‘ಉದ್ದಗಾಲಿನ ಅಪ್ಪ’. ಹೆಸರಿನ ಜೊತೆಗೆ ಮಕ್ಕಳು ಒಂದು ವದಂತಿಯನ್ನೂ ತರುವರು: ಲೋಕದ ಜೇಡಗಳಲ್ಲೆಲ್ಲ ಇದರ ವಿಷವೇ ಅತ್ಯುಗ್ರವಂತೆ, ಹಲ್ಲು ಗಿಡ್ಡವಾದುದರಿಂದ ಮಾತ್ರ ನಾವು ಬದುಕಿಕೊಂಡಿರುವೆವಂತೆ. ಅಜ್ಜಿಯ ಭಯ ಬೇರೆ ಬಗೆಯದು. ರಾತ್ರಿ ಜೇಡ ಮೈಮೇಲೆ ಹರಿದರೆ, ಇಲ್ಲವೆ ಅದರ ಮೂತ್ರ ತಗುಲಿದರೆ, ಬೆಳಗಾಗುವಷ್ಟರಲ್ಲಿ ಗುಳ್ಳೆಯೇಳುವುವೆಂದು ಆಕೆಯ ನಂಬಿಕೆ. ಒಂದು ಭಯ ಪರದೇಶದಿಂದ ಬಂದುದು, ಇನ್ನೊಂದು ಮನೆಯಲ್ಲಿಯೇ ಬೆಳೆದುದು. ಎರಡನ್ನೂ ಬಿಡಿಸಿ ನೋಡಿದರೆ ಒಳಗೆ ಸಿಕ್ಕುವುದು ಹೆಚ್ಚಾಗಿ ಹೆಸರುಗಳ ತೊಡಕು. ಆದಕಾರಣ ಮೊದಲು ಹೆಸರಿನ ವಿಚಾರವನ್ನೇ ನೋಡೋಣ.

ಇಂಗ್ಲಿಷಿನ ಆ ಹೆಸರು ಯಾವ ಪ್ರಾಣಿಯದು? ಇಂಗ್ಲೆಂಡಿನವನನ್ನು ಕೇಳಿದರೆ ಹಾರುವ ಕೀಟವೊಂದನ್ನು ತೋರಿಸುವನು. ಅಮೆರಿಕದವರಲ್ಲಿ ಅನೇಕರು ಹೊಲದಲ್ಲಿ ನಡೆದಾಡುವ, ಬಲೆ ನೇಯದ ಪ್ರಾಣಿಯೊಂದನ್ನು ತೋರಿಸುವರು. ಉಳಿದವರು ನಮ್ಮ ಅಟ್ಟದ ಜೇಡವನ್ನು ತೋರಿಸುವರು. ಹೆಸರು ಒಂದು, ಪ್ರಾಣಿಗಳು ಮೂರು. ಈ ಮೂರಕ್ಕೂ ಉದ್ದವಾದ ಕಾಲುಗಳ ಹೊರತು ಮತ್ತಾವ ಹೋಲಿಕೆಯೂ ಇಲ್ಲವೆಂದರೆ ತಪ್ಪಾಗದು. ಜೀನ್ ವೆಬ್‌ಸ್ಟರ್ ಎಂಬ ಅಮೆರಿಕದ ಲೇಖಕಿ ೧೯೧೨ರಲ್ಲಿ ಇದೇ ಹೆಸರಿನ ಕಾದಂಬರಿಯೊಂದನ್ನು ಪ್ರಕಟಿಸಿದಳು. ಅದರಲ್ಲಿ ಅನಾಥ ಹುಡುಗಿಯೊಬ್ಬಳು ತನ್ನ ಉಪಕಾರಿಯ ಮುಖವನ್ನು ಕಾಣದೆ, ಗೋಡೆಯ ಮೇಲೆ ಬಿದ್ದ ಅವನ ಉದ್ದುದ್ದನೆಯ ನೆರಳನ್ನು ಮಾತ್ರ ಕಂಡು ಅವನಿಗೆ ಆ ಹೆಸರಿಡುವಳು. ಪ್ರಾಣಿಗಳಿಗೆ ಹೆಸರಿಟ್ಟ ಜನರೂ ಮಾಡಿದುದು ಅಷ್ಟೆ: ನೆರಳನ್ನು ಕಂಡರು, ಮುಖವನ್ನು ನೋಡಲಿಲ್ಲ.

ಹಾರುವುದರ ಮಾತನ್ನು ಬೇಗನೆ ಮುಗಿಸಬಹುದು. ಮಳೆಗಾಲದ ಸಂಜೆ ದೀಪದ ಬಳಿಗೆ ಬಂದು ಗೋಡೆಗೆ ಬಡಿದುಕೊಳ್ಳುವ, ಸೊಳ್ಳೆಯ ನಾಲ್ಕರಷ್ಟು ದೊಡ್ಡದಾದ ಹುಳುವನ್ನು ನೋಡಿ ‘ಅಯ್ಯೊ, ಎಷ್ಟು ದೊಡ್ಡ ಸೊಳ್ಳೆ!’ ಎಂದು ಬೆಚ್ಚುವವರುಂಟು. ಅದು ಸೊಳ್ಳೆಯಲ್ಲ, ಟಿಪ್ಯುಲಿಡೀ ಎಂಬ ಕುಲಕ್ಕೆ ಸೇರಿದ ನೊಣ. ಅದಕ್ಕೆ ಕಾಲುಗಳು ಆರು, ರೆಕ್ಕೆಗಳು ಎರಡು. ರೆಕ್ಕೆಗಳ ಹಿಂದೆ ಡೋಲಿನ ಕಡ್ಡಿಗಳಂಥ ಎರಡು ಚಿಕ್ಕ ಗುಬುಟುಗಳು. ಕಚ್ಚಲು ಅದಕ್ಕೆ ಸಾಧನವೇ ಇಲ್ಲ. ರಕ್ತದ ಗೊಡವೆಗೆ ಹೋಗದೆ, ಕೆಲವು ದಿನಗಳ ಮಟ್ಟಿಗೆ ಹಾರಾಡಿ, ತೇವದ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಸಾಯುವುದು. ಇದನ್ನು ಹೊಡೆಯಲು ಪತ್ರಿಕೆಯನ್ನು ಮಡಿಸುವ ಶ್ರಮವನ್ನು ಗೃಹಸ್ಥರು ಉಳಿಸಿಕೊಳ್ಳಬಹುದು.

ಎರಡನೆಯದು ಸ್ವಾರಸ್ಯವುಳ್ಳದ್ದು. ಅದನ್ನು ನಮ್ಮ ಮನೆಗಳಲ್ಲಿ ಹುಡುಕಿ ಫಲವಿಲ್ಲ. ಆಗುಂಬೆಯ ಕಡೆಯಲ್ಲಿಯೋ ಕೊಡಗಿನಲ್ಲಿಯೋ ಮಳೆಗಾಲದ ಕಾಡನ್ನು ಹೊಕ್ಕರೆ, ಒದ್ದೆಯಾದ ಬಂಡೆಯ ಮಗ್ಗುಲಲ್ಲಿ ಕಾಣಿಸೀತು. ಕೆಲವು ವೇಳೆ ನೂರಾರು ಸೇರಿ, ಒಂದರ ಕಾಲಿಗೊಂದು ಕಾಲು ಹೆಣೆದುಕೊಂಡು, ಕರಿಯ ಕೂದಲಿನ ಗಂಟಿನಂತೆ ಅಂಟಿಕೊಂಡಿರುವುವು. ಉಸಿರು ತಾಗಿದರೆ ಗಂಟಿಗೆ ಗಂಟೇ ಅಲುಗುವುದು. ಎಂಟು ಕಾಲುಗಳಿದ್ದರೂ ಇದು ಜೇಡವಲ್ಲ. ಜೇಡದ ಮೈ ನಡುವಿನಲ್ಲಿ ಕಿರಿದಾಗಿ ಎರಡು ಭಾಗವಾಗಿರುವುದು. ಇದರ ಮೈ ಹೆಸರುಕಾಳಿನಂತೆ ಒಂದೇ ಉಂಡೆ. ಬೆನ್ನಿನ ಮೇಲೊಂದು ಗೋಪುರ, ಅದರ ಎಡಬಲಗಳಲ್ಲಿ ಒಂದೊಂದು ಕಣ್ಣು. ನೂಲು ತೆಗೆಯುವ ಅಂಗವಿಲ್ಲ, ವಿಷದ ಗ್ರಂಥಿಯೂ ಇಲ್ಲ. ಜೇಡಗಳು ಬೇಟೆಯನ್ನು ದ್ರವ ಮಾಡಿ ಹೀರಿದರೆ, ಇದು ಚೂರುಚೂರಾಗಿ ಕಿತ್ತು ತಿನ್ನುವುದು. ಶತ್ರು ಕಾಲನ್ನು ಹಿಡಿದರೆ ಆ ಕಾಲನ್ನೇ ಕಳಚಿಕೊಟ್ಟು ಹೋಗುವುದು. ಕಳಚಿದ ಕಾಲು ನೆಲದ ಮೇಲೆ ಬಹಳ ಹೊತ್ತು ಮಿಡಿಯುತ್ತಿರುವುದು. ಬಹು ಪುರಾತನವಾದ ವಂಶ ಇದು. ಸ್ಕಾಟ್‌ಲೆಂಡಿನ ರೈನಿ ಎಂಬ ಹಳ್ಳಿಯ ಕಲ್ಲಿನಲ್ಲಿ ಸಿಕ್ಕಿರುವ ಇದರ ಪೂರ್ವಜರ ಪಳೆಯುಳಿಕೆಗೆ ಸುಮಾರು ೪೧ ಕೋಟಿ ವರ್ಷಗಳ ವಯಸ್ಸು. ಆದರೂ ಆಕಾರ ಈಗಿನದೇ.

ಸುಗ್ಗಿಯ ಕಾಲದಲ್ಲಿ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದರಿಂದ ಇಂಗ್ಲಿಷರು ಇದಕ್ಕೆ ಕೊಯ್ಲುಗಾರನೆಂಬ ಇನ್ನೊಂದು ಹೆಸರನ್ನೂ ಇಟ್ಟಿರುವರು. ಕುರುಡನು ಕೋಲಿನಿಂದ ದಾರಿ ತಡವುವಂತೆ ಇದು ಎರಡನೆಯ ಜೊತೆ ಕಾಲುಗಳಿಂದ ಮುಂದಣ ನೆಲವನ್ನು ತಡವುತ್ತ ನಡೆಯುವುದರಿಂದ ಜಪಾನಿಯರಿಗೆ ಇದು ಕುರುಡನ ಹುಳು. ಲ್ಯಾಟಿನ್ನಿನ ಹೆಸರು ಓಪಿಲಿಯೊ, ಅಂದರೆ ಕುರುಬ. ಹಿಂದೆ ಯೂರೋಪಿನ ಕೆಲವು ಕಡೆ ಕುರುಬರು ಮಂದೆಯನ್ನು ದೂರದಿಂದ ನೋಡುವುದಕ್ಕಾಗಿ ಮರಗಾಲು ಕಟ್ಟಿಕೊಂಡು ನಡೆಯುತ್ತಿದ್ದರೆಂದು ಅದಕ್ಕೆ ಕಾರಣ ಹೇಳುವರು. ಜರ್ಮನರು ಕರೆಯುವ ರೀತಿ ಎಲ್ಲಕ್ಕಿಂತ ವಿಚಿತ್ರ: ಅವರಿಗೆ ಇದು ‘ವೇಬರ್‌ಕ್ನೆಹ್ಟ್’, ಅಂದರೆ ನೇಯ್ಗೆಯವನ ಆಳು. ಒಂದೆಳೆ ನೂಲನ್ನೂ ತೆಗೆಯಲಾರದ ಪ್ರಾಣಿಗೆ ಮಗ್ಗದ ಮನೆಯಲ್ಲಿ ಚಾಕರಿ ಕೊಟ್ಟಿರುವರು! ರೋವರ್ ಎಂಬ ಜರ್ಮನ್ ವಿದ್ವಾಂಸನು ೧೯೨೩ರಲ್ಲಿ ಲೋಕದಲ್ಲಿರುವ ಇಂಥ ಪ್ರಾಣಿಗಳನ್ನೆಲ್ಲ ವರ್ಣಿಸಿ ಬರೆದ ಮಹಾಗ್ರಂಥಕ್ಕೂ ಇದೇ ಹೆಸರು. ಕನ್ನಡದಲ್ಲಿ ಇದಕ್ಕೆ ಪುಸ್ತಕಗಳಲ್ಲಿ ನೆಲೆಯಾಗಿ ನಿಂತ ಹೆಸರೊಂದು ಬೇಕಾದರೆ, ‘ಮರಗಾಲು ಹುಳು’ ಎಂದರೆ ಸಾಕೆಂದು ನಮ್ಮ ಅಭಿಪ್ರಾಯ. ಜಾತ್ರೆಯಲ್ಲಿ ಮರಗಾಲಿನ ಕುಣಿತವನ್ನು ಕಂಡವರಿಗೆ ವಿವರಿಸಿ ಹೇಳಬೇಕಾಗದು.

ಜರ್ಮನರು ತಪ್ಪು ಪ್ರಾಣಿಗೆ ಕೊಟ್ಟ ಕಸಬನ್ನು ಕನ್ನಡಿಗರು ಸರಿಯಾದ ಪ್ರಾಣಿಗೇ ಕೊಟ್ಟರು. ಜೇಡ ಎಂಬುದು ಮೊದಲು ನೇಕಾರನ ಹೆಸರು. ವಚನಕಾರನಾದ ದಾಸಿಮಯ್ಯನನ್ನು ಜೇಡರ ದಾಸಿಮಯ್ಯನೆನ್ನುವುದು ಅವನು ಮಗ್ಗದ ಕಾಯಕದವನಾದುದರಿಂದ. ನೇಕಾರನಂತೆ ನೂಲಿನ ಕೆಲಸ ಮಾಡುವ ಹುಳು ಜೇಡರ ಹುಳುವಾಯಿತು. ಕಾಲಕ್ರಮದಲ್ಲಿ ‘ಹುಳು’ ಬಿದ್ದುಹೋಗಿ ಕಸಬಿನ ಹೆಸರೇ ಹುಳುವಿಗೆ ನಿಂತಿತು. ಚಾಮರಾಜಪೇಟೆಗೆ ದೂರವಲ್ಲದ ಕಬ್ಬನ್‌ಪೇಟೆಯಲ್ಲಿ ದೇವಾಂಗದವರ ಮಗ್ಗಗಳ ಸದ್ದನ್ನು ಕೇಳಿ ಬೆಳೆದವರಿಗೆ ಈ ಹೋಲಿಕೆ ಸುಲಭವಾಗಿ ತಿಳಿಯುವುದು. ತೆಲುಗಿನವರು ಮಾಡಿದುದೂ ಹೀಗೆಯೇ: ಸಾಲೆಯವನೆಂದರೆ ನೇಕಾರ, ಸಾಲೆಪುರುಗು ಎಂದರೆ ಜೇಡ. ಸಂಸ್ಕೃತದಲ್ಲಿ ತಂತುವಾಯವೆಂಬ ಒಂದೇ ಪದ ಇಬ್ಬರಿಗೂ ಸಲ್ಲುವುದು. ಇಂಗ್ಲಿಷಿನ ‘ಸ್ಪೈಡರ್’ ಎಂಬುದಕ್ಕೂ ನೂಲುವವನೆಂದೇ ಮೂಲಾರ್ಥ.

ಇನ್ನು ನಮ್ಮ ಅಟ್ಟದ ನೇಕಾರನ ವಿಷಯ. ಇವು ಫೋಲ್ಸಿಡೀ ಎಂಬ ಕುಲದವು. ಈ ಕುಲದಲ್ಲಿ ಜಾತಿಗಳು ಬಹಳ. ಬೆಂಗಳೂರಿನ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕ್ರಾಸೊಪ್ರೈಜಾ ಲಯೋನೀ. ಜಾನ್ ಬ್ಲ್ಯಾಕ್‌ವಾಲ್ ಎಂಬ ಆಂಗ್ಲ ವಿದ್ವಾಂಸನು ಭಾರತದ ಮಾದರಿಗಳನ್ನು ಪರೀಕ್ಷಿಸಿ ೧೮೬೭ರಲ್ಲಿ ಇದನ್ನು ಮೊದಲು ವರ್ಣಿಸಿದನು. ಬೂದುಬಣ್ಣದ ಹೊಟ್ಟೆ, ಅದರ ಹಿಂತುದಿಯಲ್ಲಿ ಮೇಲಕ್ಕೆ ಎದ್ದ ಮೊಂಡು ಮೂಲೆ. ಬದಿಯಿಂದ ನೋಡಿದರೆ ಪೆಟ್ಟಿಗೆಯಂತೆ ತೋರುವುದು. ಇದರ ಬಲೆಯಲ್ಲಿ ತೋಟದ ಜೇಡದ ಬಲೆಯ ಚಕ್ರದಂದವನ್ನು ಹುಡುಕಬಾರದು. ಅದು ಬರಿಯ ಸಿಕ್ಕು. ಕೀಟ ಸಿಕ್ಕಿನಲ್ಲಿ ತೊಡರಿಕೊಂಡ ಕೂಡಲೆ ಜೇಡವು ಹಿಂಗಾಲುಗಳಿಂದ ನೂಲನ್ನು ಸೆಳೆದು ಸೆಳೆದು ಅದರ ಮೇಲೆ ಎಸೆಯುವುದು. ಹತ್ತಿರಕ್ಕೆ ಹೋಗಬೇಕಾದ ಅಗತ್ಯವೇ ಇಲ್ಲದಷ್ಟು ಉದ್ದ ಆ ಕಾಲುಗಳು. ತನಗಿಂತ ದೊಡ್ಡ ಜೇಡಗಳನ್ನೂ ಈ ಉಪಾಯದಿಂದಲೇ ಕಟ್ಟಿಹಾಕಿ ತಿನ್ನುವುದುಂಟು. ಮುಂಡಕೋಪನಿಷತ್ತಿನಲ್ಲಿ ಸೃಷ್ಟಿಗೆ ಹೋಲಿಕೆಯಾಗಿ ಬರುವ ಜೇಡವು ನೂಲನ್ನು ಹೊರಹಾಕಿ ಮತ್ತೆ ಒಳಕ್ಕೆ ತೆಗೆದುಕೊಳ್ಳುವುದಷ್ಟೆ. ಚಕ್ರಬಲೆಯ ಜೇಡಗಳಲ್ಲಿ ಅನೇಕವು ನಿಜವಾಗಿಯೂ ಹಳೆಯ ಬಲೆಯನ್ನು ತಿಂದು ಹೊಸದನ್ನು ನೇಯುವುವು. ನಮ್ಮ ಉದ್ದಗಾಲಿನದು ಆ ಮೇಲ್ಪಂಕ್ತಿಯನ್ನು ಅನುಸರಿಸಿಲ್ಲ. ಹಳೆಯದನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಹೊಸ ಎಳೆಗಳನ್ನು ಎಳೆಯುವುದು. ಧೂಳೂ ಒಲೆಯ ಮಸಿಯೂ ಹತ್ತಿ ಜೋಲುವ ಆ ಇಲ್ಲಣವನ್ನು ತೆಗೆಯುವ ಕೆಲಸ ಗೃಹಿಣಿಯ ಪಾಲಿಗೆ ಉಳಿಯುವುದು.

‘ಅಪ್ಪ’ನೆಂಬ ಮಾತಿನಲ್ಲಿಯೂ ನ್ಯಾಯವಿಲ್ಲ. ಈ ಕುಲದಲ್ಲಿ ಹೊರೆ ಹೊರುವವಳು ತಾಯಿ. ಮೊಟ್ಟೆಗಳನ್ನು ನಾಲ್ಕಾರು ಎಳೆಗಳಿಂದ ಮಾತ್ರ ಬಿಗಿದು, ಸಬ್ಬಕ್ಕಿಯ ಚಿಕ್ಕ ಉಂಡೆಯಂತೆ ಬಾಯಲ್ಲಿ ಕಚ್ಚಿಕೊಂಡು, ಮರಿಯಾಗುವವರೆಗೂ ಎರಡು ಮೂರು ವಾರ ಅವಳು ಹಾಗೆಯೇ ತೂಗುತ್ತಿರುವಳು, ಬಹುಮಟ್ಟಿಗೆ ಉಪವಾಸ. ಅಪ್ಪನಿಗೆ ಕೀರ್ತಿ ಸಲ್ಲಬೇಕಾದರೆ ಅದು ಮರಗಾಲು ಹುಳುಗಳಲ್ಲಿ ಸಲ್ಲಬೇಕು: ಅಮೆರಿಕ ಖಂಡದ ಉಷ್ಣದೇಶಗಳಲ್ಲಿರುವ ಅವುಗಳ ಕೆಲವು ಜಾತಿಗಳಲ್ಲಿ ಮೊಟ್ಟೆಗಳನ್ನು ಕಾಯುವವನು ಗಂಡು.

ವಿಷದ ವದಂತಿಗೆ ಬರೋಣ. ಮರಗಾಲು ಹುಳುವಿಗೆ ವಿಷವೇ ಇಲ್ಲ, ಹಾರುವ ನೊಣಕ್ಕೆ ಕಚ್ಚುವ ಶಕ್ತಿಯೇ ಇಲ್ಲ. ಉಳಿದುದು ಜೇಡ. ಜೇಡಗಳಲ್ಲಿ ಹೆಚ್ಚುಕಡಮೆ ಎಲ್ಲಕ್ಕೂ ವಿಷವುಂಟು, ಇದಕ್ಕೂ ಉಂಟು, ಅದು ಸೊಳ್ಳೆಯನ್ನು ಮಲಗಿಸುವಷ್ಟರದು. ಹಲ್ಲು ಗಿಡ್ಡವೆಂಬ ವಾದವೂ ನಿಲ್ಲುವುದಿಲ್ಲ. ಇಂಥದೇ ಗಿಡ್ಡ ಹಲ್ಲಿನ ಬೇರೆ ಕುಲದ ಜೇಡಗಳು ಅಮೆರಿಕದಲ್ಲಿ ಮನುಷ್ಯರನ್ನು ಕಚ್ಚಿ ಗಾಯ ಮಾಡುವುದುಂಟು. ೨೦೦೪ರಲ್ಲಿ ಅಮೆರಿಕದ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ, ಜನಜನಿತವಾದ ಮಾತುಗಳನ್ನು ಪರೀಕ್ಷಿಸುತ್ತಿದ್ದ ಆಡಮ್ ಸ್ಯಾವೇಜ್ ಎಂಬಾತನು ಈ ಕುಲದ ಜೇಡಗಳಿಂದ ಬೇಕೆಂದೇ ಕಚ್ಚಿಸಿಕೊಂಡನು. ಫಲ: ಸ್ವಲ್ಪ ಹೊತ್ತಿನ ಸಣ್ಣ ಉರಿ.

ಹಾಗಾದರೆ ವಿಷದ ಮಾತು ಇದರ ಬೆನ್ನು ಹತ್ತಿದುದೇಕೆ? ಖಂಡಿತವಾದ ಉತ್ತರ ಕೊಡಲಾಗದು. ಆದರೆ ಹೆಸರುಗಳ ಒಂದು ಸರಪಣಿ ನೋಡತಕ್ಕದ್ದಾಗಿದೆ. ಪ್ರಾಚೀನ ಗ್ರೀಕರು ವಿಷದ ಜೇಡಗಳನ್ನು ಫಲಾಂಗಿಯೊನ್ ಎನ್ನುತ್ತಿದ್ದರು. ೧೭೫೮ರಲ್ಲಿ ಲಿನೀಯಸನು ಆ ಪದವನ್ನು ತಂದು ನಿರಪರಾಧಿಯಾದ ಮರಗಾಲು ಹುಳುವಿಗೆ ಇಟ್ಟನು. ೧೭೭೫ರಲ್ಲಿ ಫ್ಯೂಸ್‌ಲಿನ್ ಎಂಬ ಸ್ವಿಸ್ ಪಂಡಿತನು ಯೂರೋಪಿನ ಮನೆಗಳಲ್ಲಿದ್ದ ಉದ್ದಗಾಲಿನ ಜೇಡಕ್ಕೆ ‘ಫಲಾಂಜಿಯಾಯ್ಡೀಸ್’ ಎಂದು, ಅಂದರೆ ಮರಗಾಲು ಹುಳುವನ್ನು ಹೋಲುವುದೆಂದು, ಹೆಸರು ಕೊಟ್ಟನು. ಹೀಗೆ ಹಳ್ಳಿಯವರು ಮಾಡಿದ ಗೊಂದಲಕ್ಕೆ ವಿದ್ವಾಂಸರ ಮೊಹರೂ ಬಿದ್ದಿತು.

ನಮ್ಮ ಕಡೆಯ ಭಯದ ವಿಚಾರ ಹೀಗೆ ನಕ್ಕು ಬಿಡುವಂಥದಲ್ಲ. ಜೇಡಕ್ಕೆ ಸಂಸ್ಕೃತದಲ್ಲಿ ಲೂತಾ ಎಂಬ ಹೆಸರುಂಟು. ಅದೇ ಪದ ಒಂದು ಚರ್ಮರೋಗಕ್ಕೂ ಹೆಸರು. ತಮಿಳಿನಲ್ಲಿ ಸಿಲಂದಿ ಎಂದರೆ ಜೇಡವೂ ಹೌದು, ಹುಣ್ಣೂ ಹೌದು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹದಿನಾರು ಬಗೆಯ ಲೂತೆಗಳನ್ನು ವರ್ಣಿಸಿ, ಅವುಗಳ ಹಲ್ಲಿನಲ್ಲಿ ಮಾತ್ರವಲ್ಲದೆ ಲಾಲೆ, ಮೂತ್ರ, ಮಲಗಳಲ್ಲಿಯೂ ವಿಷವಿರುವುದೆಂದು ಹೇಳಿದೆ. ವಸಿಷ್ಠರು ವಿಶ್ವಾಮಿತ್ರನ ಮೇಲೆ ಕೋಪಗೊಂಡಾಗ ಅವರ ಬೆವರಿನ ಹನಿಗಳು ಕೊಯ್ದ ಹುಲ್ಲಿನ ಮೇಲೆ ಬಿದ್ದು, ಅದರಿಂದ ಇವು ಹುಟ್ಟಿದುವೆಂದೂ, ಕೊಯ್ದುದು ‘ಲೂನ’ವಾದುದರಿಂದ ಲೂತಾ ಎಂಬ ಹೆಸರಾಯಿತೆಂದೂ ಅಲ್ಲಿ ಕಥೆ. ಇಂಗ್ಲಿಷರ ಕೊಯ್ಲುಗಾರನೂ ನಮ್ಮ ಲೂತೆಯೂ ಕೊಯ್ದ ಹೊಲದಲ್ಲಿಯೇ ಹೆಸರು ಪಡೆದುದು ಕಾಕತಾಳೀಯವಾದರೂ ಚೆನ್ನಾಗಿದೆ. ಅಜ್ಜಿಯ ಮಾತು ಅಜ್ಜಿಯೇ ಹುಟ್ಟಿಸಿದುದಲ್ಲವೆಂಬುದು ಇದರಿಂದ ತಿಳಿಯುವುದು; ಅದರ ಹಿಂದೆ ಶಾಸ್ತ್ರವೂ ಇದೆ, ಬಹುಕಾಲದ ಬಳಕೆಯೂ ಇದೆ.

ಆದರೂ ಈಗಿನ ವೈದ್ಯರು ಗುಳ್ಳೆಗಳನ್ನು ಪರೀಕ್ಷಿಸಿದಾಗ ಜೇಡ ಕಾರಣವಾಗಿ ಕಾಣುವುದು ಅಪರೂಪ. ಕಾರಣಗಳಲ್ಲಿ ಎರಡನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಮೊದಲನೆಯದು ಪೀಡೆರಸ್ ಎಂಬ ಚಿಕ್ಕ ದುಂಬಿ. ಮಳೆಗಾಲದ ರಾತ್ರಿ ದೀಪಕ್ಕೆ ಬರುವುದು. ಕಾಲಂಗುಲಕ್ಕಿಂತ ಸ್ವಲ್ಪ ಹೆಚ್ಚಿನ ಉದ್ದ. ಕೆಂಪು ಕಪ್ಪು ಪಟ್ಟಿಗಳಿಂದ ಇರುವೆಯಂತೆ ತೋರುವುದು. ಅದು ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಮೈಮೇಲೆ ಕುಳಿತುದನ್ನು ನಾವು ನಿದ್ದೆಗಣ್ಣಿನಲ್ಲಿ ಉಜ್ಜಿ ಅರೆದರೆ, ಅದರ ಮೈಯ ರಸ ಚರ್ಮವನ್ನು ಸುಡುವುದು. ಒಂದೆರಡು ದಿನಗಳೊಳಗೆ ಚಾಟಿಯ ಏಟಿನಂತೆ ಗೆರೆಯಾಗಿ ಕೆಂಪೇರಿ ಗುಳ್ಳೆಯೇಳುವುದು. ಬೆಳಗ್ಗೆ ಎದ್ದವರು ತಲೆಯೆತ್ತಿ ನೋಡಿದರೆ ಮೇಲೆ ಕಾಣುವುದು ಜೇಡ. ದುಂಬಿಯ ಕುರುಹೂ ಉಳಿದಿರುವುದಿಲ್ಲ. ಅಪರಾಧ ಯಾರ ಮೇಲೆ ಬೀಳುವುದೆಂದು ಹೇಳಬೇಕಾಗಿಲ್ಲ. ಇಂಥ ದುಂಬಿ ಮೈಮೇಲೆ ಕುಳಿತರೆ ಅರೆಯದೆ ಊದಿ ಕೆಡವಬೇಕು. ರಸ ತಗುಲಿದ್ದರೆ ಕೂಡಲೆ ಸಾಬೂನು ನೀರಿನಿಂದ ತೊಳೆಯಬೇಕು. ಆ ಕೈಯಿಂದ ಕಣ್ಣು ಮುಟ್ಟಬಾರದು.

ಎರಡನೆಯದು ಸರ್ಪಸುತ್ತು. ಎಂದೋ ಚಿಕ್ಕಂದಿನಲ್ಲಿ ಬಂದುಹೋದ ಚಿಕನ್‌ಪಾಕ್ಸಿನ ವೈರಸು ನರಗಳಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಮತ್ತೆ ತಲೆಯೆತ್ತುವುದೇ ಈ ರೋಗ. ಮೊದಲು ಉರಿಯೂ ನೋವೂ ಬಂದು, ಆಮೇಲೆ ಮೈಯ ಒಂದೇ ಮಗ್ಗುಲಿನಲ್ಲಿ ಪಟ್ಟಿಯಂತೆ ಗುಳ್ಳೆಗಳು ಗೊಂಚಲುಗೊಂಚಲಾಗಿ ಏಳುವುವು. ಇದನ್ನು ಜೇಡದ ವಿಷವೆಂದು ತಿಳಿದು ಲೇಪ ಹಾಕುತ್ತ ಕುಳಿತರೆ ಅಮೂಲ್ಯವಾದ ಕಾಲ ಕಳೆದುಹೋಗುವುದು. ಇದಕ್ಕೆ ಔಷಧವುಂಟು, ಗುಳ್ಳೆ ಕಂಡ ೭೨ ಗಂಟೆಗಳೊಳಗೆ ಆರಂಭಿಸಿದರೆ ಅದರ ಗುಣ ಹೆಚ್ಚು. ತಡವಾದರೆ ಗುಳ್ಳೆ ಆರಿದ ಮೇಲೂ ತಿಂಗಳುಗಟ್ಟಲೆ ನೋವು ಉಳಿಯುವ ಸಂಭವ ಹೆಚ್ಚು. ಗುಳ್ಳೆಗಳು ಹಣೆಯ ಮೇಲೆ, ಮೂಗಿನ ತುದಿಯಲ್ಲಿ, ಕಣ್ಣಿನ ಸುತ್ತ ಎದ್ದರೆ ದೃಷ್ಟಿಗೇ ಅಪಾಯವುಂಟು. ಅಂದೇ ವೈದ್ಯರ ಬಳಿಗೆ ಹೋಗಬೇಕು. ಮನೆಯ ಹಿರಿಯರು ‘ಜೇಡ ಹರಿದಿದೆ, ತಾನೇ ಹೋಗುತ್ತದೆ’ ಎಂದರೆ, ಅವರ ಮಾತನ್ನು ಗೌರವದಿಂದ ಕೇಳಿ, ಗಾಡಿ ಕರೆಸುವುದು ಮೇಲು.

ಕೊನೆಯದಾಗಿ, ಇವನ್ನು ಗುಡಿಸಿಹಾಕಬೇಕೆ, ಬಿಡಬೇಕೆ ಎಂಬ ಪ್ರಶ್ನೆ. ಡೆಂಗಿ ಜ್ವರವನ್ನು ಹರಡುವ ಏಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದು. ಬಿಡುವಿನಲ್ಲಿ ಮನೆಯ ಕತ್ತಲೆಯ ಮೂಲೆಗಳಲ್ಲಿ, ಮಂಚದ ಕೆಳಗೆ, ತೂಗುಹಾಕಿದ ಬಟ್ಟೆಗಳ ಮರೆಯಲ್ಲಿ ಕುಳಿತು ವಿಶ್ರಮಿಸುವುದು. ಉದ್ದಗಾಲಿನ ಜೇಡದ ನೆಲೆಯೂ ಅಂಥ ಮೂಲೆಗಳೇ. ಥಾಯ್ಲೆಂಡಿನ ಮನೆಗಳಲ್ಲಿ ನಮ್ಮ ಕ್ರಾಸೊಪ್ರೈಜಾ ಲಯೋನೀ ಈ ಸೊಳ್ಳೆಯನ್ನು ಹಿಡಿದು ತಿನ್ನುವುದನ್ನು ೧೯೯೭ರಲ್ಲಿ ಪ್ರಕಟವಾದ ವೈಜ್ಞಾನಿಕ ಲೇಖನವೊಂದು ವಿವರಿಸಿದೆ. ಇದರಿಂದ ಜೇಡ ಸಾಕಿದರೆ ಡೆಂಗಿ ಬಾರದೆಂದು ಯಾರೂ ತಿಳಿಯಬಾರದು. ಪೀಪಾಯಿ, ಹೂಕುಂಡದ ತಟ್ಟೆ, ಹಿತ್ತಲಿನ ಒಡಕು ಪಾತ್ರೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲದಿದ್ದರೆ ನೂರು ಜೇಡಗಳಿದ್ದರೂ ಪ್ರಯೋಜನವಿಲ್ಲ. ಆದರೆ ಬಚ್ಚಲುಮನೆಯ ಮೂಲೆಯಲ್ಲಿ, ಮೆಟ್ಟಿಲಿನ ಕೆಳಗೆ ಒಂದೆರಡನ್ನು ಇರಗೊಡಿಸುವುದರಿಂದ ನಷ್ಟವಂತೂ ಇಲ್ಲ. ಒಲೆಯ ಮೇಲಣ, ಹಾಸಿಗೆಯ ಮೇಲಣ ಬಲೆಗಳನ್ನು ತೆಗೆಯಲೇಬೇಕು. ಧೂಳು ಹಿಡಿದ ಹಳೆಯ ಬಲೆಯಲ್ಲಿ ಜೇಡ ಇರುವುದೇ ಅಪರೂಪವಾದುದರಿಂದ ಅದರಲ್ಲಿ ಪಾಪಭೀತಿಗೆ ಎಡೆಯಿಲ್ಲ.

ಯುಗಾದಿಗೋ ನವರಾತ್ರಿಗೋ ಮನೆ ಗುಡಿಸುವಾಗ ಬಾಯಲ್ಲಿ ಮೊಟ್ಟೆಯ ಉಂಡೆ ಹಿಡಿದುದು ಕಂಡರೆ, ಲೋಟವೊಂದನ್ನು ಅದರ ಕೆಳಗೆ ಹಿಡಿದು, ಮೇಲಿನಿಂದ ಗಟ್ಟಿ ಕಾಗದವನ್ನು ಮುಚ್ಚಿ, ಹಿತ್ತಲಿನ ಸೌದೆಯ ಕೊಟ್ಟಿಗೆಗೆ ಸಾಗಿಸಬಹುದು. ಕಾಲು ಹಿಡಿದು ಎತ್ತಬಾರದು; ಕಾಲು ಕೈಯಲ್ಲಿ ಉಳಿದು ಜೇಡ ಕೆಳಗೆ ಬೀಳುವುದು.  ಆಮೇಲೆ ಅದು ಉಳಿದ ಏಳು ಕಾಲುಗಳಲ್ಲಿಯೇ ಸಂಸಾರ ಸಾಗಿಸುವುದು.